ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೇಲೆ ಬರೆಯಿರಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ಊರು ಹಾಸನದ ಹತ್ತಿರ. ನಮ್ಮ ವಾರ್ಡಿನ ಏಳು ಜನ ಸೇರಿ ಒಂದು ಶನಿವಾರ ಸಂಜೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಚಿತ್ರಗಳ ಮಾರಾಟ, ಹಾಡು, ಕವಿತೆ, ಕಸೂತಿ ಎಲ್ಲ ಇರುತ್ತದೆ. ಬರುವ ಹಣ, ಪ್ಯಾಲೆಸ್ಟೀನಿನವರಿಗೆ ವೈದ್ಯಕೀಯ ನೆರವು ಕೊಡುವ ‘ಮೆಡಿಕಲ್ ಏಡ್ ಫಾರ್ ಪ್ಯಾಲೆಸ್ಟೀನಿಯನ್ಸ್’ ಅನ್ನುವ ಇಲ್ಲಿನ ದತ್ತಿ ಸಂಸ್ಥೆಗೆ. ಪ್ರಚಾರದ ಕೆಲಸ ನನ್ನ ತಲೆಗೆ ಬಂದಿದೆ. ನನಗೆ ಅನುಭವ ಇಲ್ಲ. ಪೋಸ್ಟರಿನ ಕರಡು ಕಳಿಸಿದ್ದೇನೆ, ನೋಡಿ. ಇಲ್ಲಿನ ಕನ್ನಡದವರನ್ನು ಹೇಗೆ ಕರೆಯಲಿ? ಈಗಾಗಲೇ ಒಬ್ಬರು "ಇದೆಲ್ಲ ರಾಜಕೀಯ, ನಮಗ್ಯಾಕೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. — ಎಸ್.ವಿ., ಲೀಡ್ಸ್

ಉತ್ತರ: ತಂಗಿ, ನಿಮ್ಮ ಕರಡನ್ನು ಮೂರು ಸಲ ನೋಡಿದೆ. ಮೇಲೆ ದೊಡ್ಡದಾಗಿ ‘ಗಾಜಾಕ್ಕಾಗಿ ಒಂದು ಸಂಜೆ’ ಅಂತಿದೆ. ಅದರ ಕೆಳಗೆ ಹನ್ನೊಂದು ಕಲಾವಿದರ ಹೆಸರು. ಹಣ ಯಾರಿಗೆ ಅನ್ನುವುದು ಕಟ್ಟಕಡೆಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ. ಆ ಸಾಲನ್ನು ಮೇಲೆ ತನ್ನಿ. ಕಲಾವಿದರು ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಬರುತ್ತಿರುವುದೂ ಅದಕ್ಕೇ ಅಲ್ವಾ?

ನಾನು ಬರ್ಮಿಂಗ್‌ಹ್ಯಾಮ್‌ಗೆ ಬಂದು ಮೂವತ್ತು ವರ್ಷ ದಾಟಿತು. ಕನ್ನಡ ರಾಜ್ಯೋತ್ಸವದಿಂದ ಹಿಡಿದು ನೆರೆ ಪರಿಹಾರದವರೆಗೆ ಬೇಕಾದಷ್ಟು ಕಾರ್ಯಕ್ರಮಗಳಿಗೆ ಪೋಸ್ಟರ್ ಅಂಟಿಸಿದ್ದೇನೆ. ಪೋಸ್ಟರ್ ಮುಂದೆ ಯಾರೂ ನಿಂತು ಓದುವುದಿಲ್ಲ. ಬಸ್ಸಿಗೆ ಓಡುತ್ತಾ ಕಣ್ಣು ಹಾಯಿಸುತ್ತಾರೆ. ಆ ನಾಲ್ಕು ಸೆಕೆಂಡಿನಲ್ಲಿ ಏನು, ಯಾವಾಗ, ಎಲ್ಲಿ, ದುಡ್ಡು ಯಾರಿಗೆ ಅನ್ನುವ ನಾಲ್ಕು ವಿಷಯ ತಲೆಗೆ ಹೋಗಬೇಕು. ತಾರೀಖಿನ ಜೊತೆ ವಾರವನ್ನೂ ಬರೆಯಿರಿ. ‘ಶನಿವಾರ’ ಅಂತ ಇದ್ದರೆ ಜನ ಆಗಲೇ ಮನಸ್ಸಿನಲ್ಲಿ ಡ್ಯೂಟಿ ಪಟ್ಟಿ ನೋಡಿಕೊಳ್ಳುತ್ತಾರೆ.

‘ದುಡ್ಡು ಯಾರಿಗೆ’ ಅನ್ನುವುದಕ್ಕೆ ಸಂಸ್ಥೆಯ ಹೆಸರೊಂದೇ ಸಾಲದು. ಅದು ಯಾವ ಸಂಸ್ಥೆ ಅನ್ನುವುದು ನಿಮ್ಮ ಏಳೂ ಜನರ ಬಾಯಲ್ಲಿ ಬರಬೇಕು. ಇದರ ಕಥೆ ಹೇಳುವುದು ಕಷ್ಟವಲ್ಲ. ಡಾಕ್ಟರ್ ಸ್ವೀ ಚಾಯ್ ಆಂಗ್ ಅಂತ ಒಬ್ಬ ಮೂಳೆ ಶಸ್ತ್ರಚಿಕಿತ್ಸಕಿ. ಮಲೇಶಿಯಾದ ಪೆನಾಂಗ್‌ನಲ್ಲಿ ಹುಟ್ಟಿ, ಸಿಂಗಪುರದಲ್ಲಿ ಬೆಳೆದು, ಲಂಡನ್ನಿನಲ್ಲಿ ಕೆಲಸಕ್ಕಿದ್ದವರು. ಇಸ್ರೇಲಿನ ಪರ ಒಲವಿದ್ದ ಕ್ರೈಸ್ತ ವಾತಾವರಣದಲ್ಲಿ ಬೆಳೆದವರು. 1982ರಲ್ಲಿ ಲೆಬನಾನ್ ಯುದ್ಧದ ಗಾಯಾಳುಗಳಿಗೆ ಸರ್ಜನ್ ಬೇಕು ಅನ್ನುವ ಕರೆ ಕೇಳಿ ಬೈರೂತಿಗೆ ಹೋದರು. ಅಲ್ಲಿನ ಸಬ್ರಾ ಅನ್ನುವ, ಪ್ಯಾಲೆಸ್ಟೀನಿನ ನಿರಾಶ್ರಿತರ ಶಿಬಿರದ ‘ಗಾಜಾ’ ಹೆಸರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಪಕ್ಕದ ಶತೀಲಾ ಶಿಬಿರದಲ್ಲಿ ನಿರಾಶ್ರಿತರ ಹತ್ಯಾಕಾಂಡ ನಡೆದಾಗ ಅವರು ಅಲ್ಲೇ ಇದ್ದರು. ವಾಪಸ್ ಬಂದ ಮೇಲೆ ಗೆಳೆಯರ ಜೊತೆ ಸೇರಿ 1984ರಲ್ಲಿ ಈ ಸಂಸ್ಥೆ ಕಟ್ಟಿದರು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆಸ್ಪತ್ರೆಯಲ್ಲಿ ಕೈ ಕೆಸರು ಮಾಡಿಕೊಂಡವರು ಶುರು ಮಾಡಿದ್ದು. ನರ್ಸುಗಳು ಸೇರಿ ಅದಕ್ಕೆ ಹಣ ಕೂಡಿಸುವುದು ಎಷ್ಟು ಸಹಜ ನೋಡಿ. ಇದನ್ನು ಕೇಳಿದವರಿಗೆಲ್ಲ ಹೇಳಿ.

ನಿಮ್ಮ ಕರಡಿನಲ್ಲಿ ಇನ್ನೊಂದು ಕೊರತೆ ಕಂಡಿತು. ನೀವು ನರ್ಸ್‌ಗಳು ಅನ್ನುವುದೇ ಎಲ್ಲೂ ಇಲ್ಲ! ಅದನ್ನು ಯಾಕೆ ಮುಚ್ಚಿಡುತ್ತೀರಿ? ನಿಮ್ಮ ಆಸ್ಪತ್ರೆಯ ಹೆಸರು ಬೇಡ, ಅದಕ್ಕೆ ಅನುಮತಿ ಬೇಕಾಗುತ್ತದೆ. ವಾರ್ಡಿನ ನೋಟಿಸ್ ಬೋರ್ಡಿಗೆ ಅಂಟಿಸುವ ಮೊದಲೂ ಕೇಳಿ. ಆದರೆ ‘ಲೀಡ್ಸಿನ ಏಳು ನರ್ಸ್‌ಗಳು ಕರೆಯುತ್ತಿದ್ದೇವೆ’ ಅನ್ನಲು ಯಾರ ಅಪ್ಪಣೆ ಬೇಕು?

ನನ್ನ ಪರಿಚಯದ ಒಬ್ಬರು ಮೂಳೆ ವಾರ್ಡಿನ ನರ್ಸ್. ಇಂಥದೇ ಒಂದು ಸಂಜೆಯಲ್ಲಿ ಅವರು ಮೈಕ್ ಹಿಡಿದು ಮೂರು ನಿಮಿಷ ಮಾತಾಡಿದರು. ಕಾಲಿನ ಮೂಳೆ ಪುಡಿಯಾದಾಗ ಹೊರಗಿನಿಂದ ಲೋಹದ ಚೌಕಟ್ಟು ಕೂರಿಸುತ್ತಾರಲ್ಲ, ಅದರ ಬಗ್ಗೆ. ಚೌಕಟ್ಟಿನ ಕಡ್ಡಿಗಳು ಚರ್ಮ ದಾಟಿ ಮೂಳೆಯೊಳಕ್ಕೆ ಹೋಗಿರುತ್ತವೆ. ಕಡ್ಡಿ ಒಳಹೋಗುವ ಒಂದೊಂದು ಜಾಗವನ್ನೂ ಸಲೈನ್ ಹಾಕಿ ಒರೆಸಬೇಕು, ಒಂದೊಂದಕ್ಕೂ ಗಾಜ್, ಅಂದರೆ ಗಾಯಕ್ಕೆ ಕಟ್ಟುವ ಜಾಳು ಬಟ್ಟೆಯ ಹೊಸ ತುಂಡು ಸುತ್ತಬೇಕು. ಹೀಗೆ ತಿಂಗಳುಗಟ್ಟಲೆ. ಬಿಟ್ಟರೆ ಕೀವು, ಆಮೇಲೆ ಕಾಲೇ ಹೋಗಬಹುದು. "ನನ್ನ ಹತ್ತಿರ ಕಪಾಟು ತುಂಬ ಗಾಜ್ ಇದೆ. ಗಾಜಾದ ನರ್ಸ್ ಹತ್ತಿರ ಇಲ್ಲ. ಕೆಲಸ ಮಾತ್ರ ಒಂದೇ" ಅಂದು ಕೂತುಬಿಟ್ಟರು. ಹಾಲ್ ಸದ್ದಿಲ್ಲದೆ ಕೂತಿತ್ತು. ಈ ಸಂಸ್ಥೆ ಗಾಜಾದಲ್ಲಿ ವರ್ಷಗಳಿಂದ ಕೈಕಾಲು ಉಳಿಸುವ ಶಸ್ತ್ರಚಿಕಿತ್ಸೆಗೂ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಆರೈಕೆಗೂ ನೆರವು ಕೊಟ್ಟಿದೆ. ನಿಮ್ಮಲ್ಲಿ ಯಾರು ಯಾವ ವಾರ್ಡೋ ಆ ಕೆಲಸವನ್ನೇ ಮೂರು ಸಾಲು ಬರೆಯಿರಿ. ಅದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಇಲ್ಲ.

ಗಾಜ್ ಅನ್ನುವ ಬಟ್ಟೆಗೆ ಹೆಸರು ಬಂದದ್ದೇ ಗಾಜಾ ಊರಿನಿಂದ ಅಂತ ಯಾರಾದರೂ ನಿಮಗೆ ಕಳಿಸಿರುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಮಾತಿನ ಮೂಲದ ಬಗ್ಗೆ ಬಲ್ಲವರಲ್ಲೇ ಒಮ್ಮತ ಇಲ್ಲ. ಪೋಸ್ಟರಿನಲ್ಲಿ ಹಾಕಬೇಡಿ. ಒಂದು ಸಣ್ಣ ತಪ್ಪು ಸಿಕ್ಕಿದರೆ ಸಾಕು, ಅನುಮಾನ ಪಡುವವರು ಉಳಿದದ್ದೆಲ್ಲವನ್ನೂ ತಳ್ಳಿಹಾಕುತ್ತಾರೆ. ಅಂಕಿಗಳಿಗೂ ಇದೇ ಮಾತು. ಸತ್ತವರ ಲೆಕ್ಕ, ನಡೆಯುತ್ತಿರುವ ಆಸ್ಪತ್ರೆಗಳ ಲೆಕ್ಕ ವಾರ ವಾರಕ್ಕೂ ಬದಲಾಗುತ್ತದೆ. ಹಾಕಲೇಬೇಕು ಅಂದರೆ ಯಾರ ಲೆಕ್ಕ, ಯಾವ ದಿನದ್ದು ಅಂತ ಪಕ್ಕದಲ್ಲೇ ಬರೆಯಿರಿ.

ನಾನಾದರೆ ಬದಲಾಗದ ಒಂದು ಸಂಗತಿ ಆರಿಸಿಕೊಳ್ಳುತ್ತೇನೆ. 2024ರ ಆಗಸ್ಟಿನಲ್ಲಿ ಗಾಜಾದಲ್ಲಿ 25 ವರ್ಷಗಳ ನಂತರ ಮೊದಲ ಸಲ ಒಂದು ಮಗುವಿಗೆ ಪೋಲಿಯೋ ಬಂದದ್ದು ಖಚಿತವಾಯಿತು. ಹತ್ತು ತಿಂಗಳ ಕೂಸು. ಮುಂದಿನ ತಿಂಗಳೇ ಲಸಿಕೆ ಶುರುವಾಯಿತು. ಯುದ್ಧ ನಿಂತಿರಲಿಲ್ಲ. ದಿನಕ್ಕೆ ಕೆಲವು ಗಂಟೆ, ಒಂದೊಂದು ಭಾಗದಲ್ಲಿ ಮಾತ್ರ ಬಿಡುವು. ಅಷ್ಟರಲ್ಲೇ ಮೊದಲ ಸುತ್ತಿನಲ್ಲಿ ಹತ್ತು ವರ್ಷದೊಳಗಿನ 5.5 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಹನಿ ಹಾಕಿದರು. ಬೆರಳಿಗೆ ಶಾಯಿ ಗುರುತು. ನಮ್ಮೂರ ಶಾಲೆಯ ಜಗುಲಿಯಲ್ಲಿ ಭಾನುವಾರ ಎರಡು ಹನಿ ಹಾಕಿಸಿ, ಕಿರುಬೆರಳು ತೋರಿಸುತ್ತಾ ಮನೆಗೆ ಓಡಿ ಬಂದ ಮಕ್ಕಳನ್ನು ಕಂಡ ಯಾವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕು? ಅಲ್ಲಿಯ ನರ್ಸುಗಳು, ಆರೋಗ್ಯ ಕಾರ್ಯಕರ್ತರು ಕೆಲಸ ಬಲ್ಲವರು. ಅವರಿಗೆ ಬೇಕಾದದ್ದು ಸಾಮಾನು, ಡೀಸೆಲ್, ದಾರಿ. ನಿಮ್ಮ ಬರಹದಲ್ಲಿ ಈ ಗೌರವ ಕಾಣಲಿ.

ಅದಕ್ಕೇ ನೀವು ಹಾಕಿರುವ ಫೋಟೋ ತೆಗೆಯಿರಿ. ಆ ಹುಡುಗಿ ಯಾರೋ, ತಲೆಗೆ ಪಟ್ಟಿ ಕಟ್ಟಿದೆ, ಅಳುತ್ತಿದ್ದಾಳೆ. ನಿಮ್ಮ ವಾರ್ಡಿನ ಒಂದು ಮಗುವಿನ ಫೋಟೋ ಹೀಗೆ ಅಂಗಡಿ ಕಿಟಕಿಗೆ ಅಂಟಿಸಲು ಬಿಡುತ್ತೀರಾ? ಬಿಡುವುದಿಲ್ಲ. ಜೊತೆಗೆ ಸುದ್ದಿ ಫೋಟೋಗಳಿಗೆ ಹಕ್ಕುದಾರರೂ ಇರುತ್ತಾರೆ.

ಅದರ ಜಾಗಕ್ಕೆ ಕಸೂತಿಯ ಹೂ ಇಡಿ. ನಾನು ಧಾರವಾಡದವಳು, ಅದಕ್ಕೇ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ! ಪ್ಯಾಲೆಸ್ಟೀನಿನ ಹೆಂಗಸರು ತಮ್ಮ ಉದ್ದ ಅಂಗಿಯ ಎದೆಯ ಮೇಲೆ, ಅಂಚಿಗೆ ಹಾಕುವ ದಾರದ ಕೆಲಸಕ್ಕೆ ತತ್ರೀಜ್ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋ ಅದನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಅಂಗಿಯ ಚಿತ್ತಾರ ನೋಡಿ ಹೆಂಗಸು ಯಾವ ಸೀಮೆಯವಳು ಅಂತ ಹೇಳಬಹುದಿತ್ತಂತೆ. ಅದರ ಮುಖ್ಯ ಹೊಲಿಗೆ ದಾರಗಳನ್ನು ಎಣಿಸಿ ಹಾಕುವ ಅಡ್ಡ ಹೊಲಿಗೆ. ನಮ್ಮ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಇವೆಯಲ್ಲ, ಅದರಲ್ಲಿ ಮೆಂತೆ ಅಂದರೆ ಇದೇ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಗ್ರಂಥಾಲಯದಲ್ಲಿ ನಾವು ಇಂಥದೇ ಮೇಜು ಹಾಕಿದ್ದೆವು. ನಮ್ಮವ್ವನ ಇಳಕಲ್ ಸೀರೆಯ ಸೆರಗು ಹಾಸಿದ್ದೆ. ಗೋಪುರ, ತುಳಸಿಕಟ್ಟೆ, ಆನೆ ಎಲ್ಲ ಇದ್ದ ಸೆರಗು. ಪ್ಯಾಲೆಸ್ಟೀನಿನ ಒಬ್ಬ ಅಮ್ಮ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಚೀಲದಿಂದ ಒಂದು ಕಪ್ಪು ಬಟ್ಟೆಯ ತುಂಡು ತೆಗೆದು ಪಕ್ಕಕ್ಕಿಟ್ಟರು. ಅದರ ತುಂಬ ಕೆಂಪು ದಾರದ ಮರಗಳು. "ಸರೂ" ಅಂದರು. ನೋಡಿದರೆ ನಮ್ಮ ಸರ್ವೆ ಮರದ ಹಾಗೇ ನೆಟ್ಟಗಿತ್ತು. ಆಮೇಲೆ ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ನಮ್ಮವ್ವನ ಸೆರಗನ್ನು ತಿರುಗಿಸಿ ಹಿಂಬದಿ ನೋಡಿದರು. ಗಂಟಿಲ್ಲ. ಎರಡೂ ಬದಿ ಒಂದೇ. ತಲೆ ಅಲ್ಲಾಡಿಸಿ ನನ್ನ ಕೈ ಹಿಡಿದುಕೊಂಡರು. ನಮ್ಮವ್ವ ಇದ್ದಿದ್ದರೆ ಅವಳೂ ಆ ಕಪ್ಪು ಬಟ್ಟೆಯನ್ನು ತಿರುಗಿಸಿಯೇ ನೋಡುತ್ತಿದ್ದಳು. ಆ ಸಂಜೆ ಭಾಷಣ ಕೇಳಲು ಬಾರದ ಕನ್ನಡದ ಹೆಂಗಸರು ಆ ಮೇಜಿನ ಸುತ್ತ ಎರಡು ಗಂಟೆ ಕೂತಿದ್ದರು.

ಕನ್ನಡದವರನ್ನು ಕರೆಯುವುದಕ್ಕೆ ನಿಮಗೆ ಇದೇ ಬಾಗಿಲು. ಕಸೂತಿ ಬರುವವರನ್ನು ಮೇಜಿಗೆ ಕೂರಲು ಕೇಳಿ. ಬರೀ ‘ಬನ್ನಿ’ ಅಂದರೆ ಜನ ಯೋಚಿಸುತ್ತಾರೆ, ‘ನಿಮ್ಮ ಕೈ ಬೇಕು’ ಅಂದರೆ ಬಂದೇ ಬರುತ್ತಾರೆ. ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಪೋಸ್ಟರ್ ಹಾಕಿದರೆ ನಾಲ್ಕು ಕೈಮುಗಿದ ಚಿಹ್ನೆ ಬರುತ್ತದೆ, ಅಷ್ಟೇ. ಇಪ್ಪತ್ತು ಜನರಿಗೆ ಫೋನ್ ಮಾಡಿ. ಹನ್ನೆರಡು ಜನ ಬರುತ್ತಾರೆ, ಮನೆಯವರನ್ನೂ ಕರೆತರುತ್ತಾರೆ. ಕನ್ನಡದಲ್ಲಿ ಒಂದು ಸಣ್ಣ ಕರಪತ್ರವೂ ಇರಲಿ. ಹೀಗೆ ಬರೆಯಬಹುದು:

"ಲೀಡ್ಸಿನ ಏಳು ನರ್ಸ್‌ಗಳು ಸೇರಿ ಒಂದು ಸಂಜೆ ಇಟ್ಟುಕೊಂಡಿದ್ದೇವೆ. ಚಿತ್ರ, ಹಾಡು, ಧಾರವಾಡದ ಕಸೂತಿ, ಪ್ಯಾಲೆಸ್ಟೀನಿನ ತತ್ರೀಜ್. ಟಿಕೆಟ್ಟಿನ ಹಣ, ಚಿತ್ರ ಮಾರಿದ ಹಣ ಪ್ಯಾಲೆಸ್ಟೀನಿನ ಜನರ ಚಿಕಿತ್ಸೆಗೆ, ಔಷಧಿಗೆ. ಮಕ್ಕಳನ್ನೂ ಕರೆತನ್ನಿ. ಸೂಜಿ ದಾರ ನಾವು ಕೊಡುತ್ತೇವೆ. ಊಟಕ್ಕೆ ಚಿತ್ರಾನ್ನ ಇದೆ."

ಇನ್ನು ಆ ‘ರಾಜಕೀಯ’ದ ಮಾತು. ಇಂಗ್ಲೆಂಡಿನ ಕಾನೂನಿನಲ್ಲಿ ದತ್ತಿ ಸಂಸ್ಥೆಗಳು ಯಾವ ಪಕ್ಷದ ಪರವೂ ನಿಲ್ಲುವಂತಿಲ್ಲ. ಅವರ ಹೆಸರಿನಲ್ಲಿ ಹಣ ಕೂಡಿಸುವಾಗ ನಿಮ್ಮ ಪೋಸ್ಟರಿನಲ್ಲೂ ಪಕ್ಷ, ಚುನಾವಣೆ, ಘೋಷಣೆ ಬೇಡ. ಆದರೆ ಪ್ಯಾಲೆಸ್ಟೀನ್ ಅನ್ನುವ ಹೆಸರನ್ನು ಮಾತ್ರ ಅಡಗಿಸಬೇಡಿ. ‘ಸಂಕಷ್ಟದಲ್ಲಿರುವ ಮಕ್ಕಳಿಗಾಗಿ’ ಅಂತ ಹಾರಿಕೆಯಾಗಿ ಬರೆಯಿರಿ ಅಂತ ಸಲಹೆ ಕೊಡುವವರು ಬರುತ್ತಾರೆ. ಒಪ್ಪಬೇಡಿ. ಆ ಜನರಿಗೆ ಹೆಸರಿದೆ, ಊರಿದೆ. ಹೆಸರು ಹೇಳಲು ಹಿಂಜರಿದು ಅವರಿಗೆ ಔಷಧಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತದ್ದನ್ನು, 251 ಜನರನ್ನು ಒತ್ತೆ ಒಯ್ದದ್ದನ್ನು ಯಾರಾದರೂ ಎತ್ತಿದರೆ ಮುಖ ತಿರುಗಿಸಬೇಡಿ. ಆ ದುಃಖ ನಿಜ, ಅದನ್ನು ನಿಜ ಅಂತಲೇ ಹೇಳಿ. ಅದನ್ನು ಹೇಳಿದ ಮೇಲೂ ಗಾಜಾದ ರೋಗಿಗೆ ಡಯಾಲಿಸಿಸ್ ಬೇಕೇ ಬೇಕು. "ಹಾಸಿಗೆ ಹತ್ತಿರ ಹೋಗಿ ನೀನು ಯಾರ ಕಡೆ ಅಂತ ಕೇಳಿ ನಾನು ಡ್ರೆಸ್ಸಿಂಗ್ ಮಾಡುವುದಿಲ್ಲ" ಅನ್ನಿ. ಅಷ್ಟು ಸಾಕು. ಟಿಕೆಟ್ ಮೇಜಿನ ಹತ್ತಿರ ವಾದಕ್ಕೆ ನಿಲ್ಲಬೇಡಿ, ಹಿಂದೆ ಸಾಲು ಬೆಳೆಯುತ್ತದೆ.

ಹಾಲ್ ಬಾಡಿಗೆಗೆ ಕೊಡುವವರಿಗೆ ಎಲ್ಲವನ್ನೂ ಮೊದಲೇ ಹೇಳಿ. ನಮಗೆ ಒಮ್ಮೆ ಪೋಸ್ಟರ್ ನೋಡಿದ ಮೇಲೆ, ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಹಾಲ್ ಕೊಡುವುದಿಲ್ಲ ಅಂದುಬಿಟ್ಟರು. ಬುಕ್ ಮಾಡುವಾಗ ‘ಕಲೆಯ ಕಾರ್ಯಕ್ರಮ’ ಅಂತಷ್ಟೇ ಬರೆದಿದ್ದೆವು. ತಪ್ಪು ನಮ್ಮದೂ ಇತ್ತು. ಅಂಟಿಸಿದ ಅರವತ್ತು ಪೋಸ್ಟರುಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಲು ಮಳೆಯಲ್ಲಿ ಎರಡು ಸಂಜೆ ಓಡಾಡಿದೆವು. ಯಾರಿಗಾಗಿ, ಯಾವ ಸಂಸ್ಥೆಗೆ ಅನ್ನುವುದನ್ನು ಈಮೇಲಿನಲ್ಲಿ ಬರೆದು, ಅವರ ಒಪ್ಪಿಗೆಯನ್ನೂ ಬರಹದಲ್ಲೇ ಪಡೆದುಕೊಳ್ಳಿ.

ಸಂಸ್ಥೆಯ ನಿಧಿ ಸಂಗ್ರಹದವರಿಗೂ ಈಗಲೇ ಬರೆಯಿರಿ. ಲೋಗೋ ಬಳಸಲು ಅವರ ಒಪ್ಪಿಗೆ ಬೇಕು. ನೋಂದಣಿ ಸಂಖ್ಯೆಯನ್ನು ಅವರಿಂದಲೇ ತೆಗೆದುಕೊಂಡು ಪೋಸ್ಟರಿನಲ್ಲಿ ಹಾಕಿ. ನೀವು ಅವರ ಸಹಾಯಾರ್ಥ ನಡೆಸುತ್ತಿದ್ದೀರಿ, ಅವರ ಪರವಾಗಿ ಅಲ್ಲ. ಆ ಪದ ಸರಿಯಾಗಿರಲಿ. ದಾನದ ಹಣ ನೇರ ಅವರ ಖಾತೆಗೆ ಹೋಗುವಂತೆ ಕ್ಯೂಆರ್ ಕೋಡ್ ಇಡಿ, ನಿಮ್ಮ ಸ್ವಂತ ಖಾತೆ ಬೇಡ. ಆ ಕೋಡನ್ನು ಮಿರುಗುವ ಕಾಗದದ ಮೇಲೆ ಅಚ್ಚು ಹಾಕಿಸಬೇಡಿ. ನಮ್ಮಲ್ಲಿ ವೇದಿಕೆಯ ದೀಪ ಅದರ ಮೇಲೆ ಬಿದ್ದು ಒಂದು ಫೋನೂ ಓದಲಿಲ್ಲ. ಕೊನೆಗೆ ಒಬ್ಬ ಹುಡುಗ ಕೋಟು ಅಡ್ಡ ಹಿಡಿದು ನಿಂತ.

‘ಬಂದ ಹಣವೆಲ್ಲ’ ಅಂತ ಬರೆದರೆ ಎಲ್ಲವೂ ಹೋಗಬೇಕು, ಆಮೇಲೆ ಹಾಲ್ ಬಾಡಿಗೆ ಕಳೆಯುವಂತಿಲ್ಲ. ಕಳೆಯುವುದಾದರೆ ಹಾಗೇ ಬರೆಯಿರಿ. ಚಿತ್ರದ ಬೆಲೆಯಲ್ಲಿ ಕಲಾವಿದರಿಗೆ ಪಾಲಿದ್ದರೆ ಅದೂ ಚೀಟಿಯ ಮೇಲೆ ಇರಲಿ. ಇಲ್ಲಿ ತೆರಿಗೆ ಕಟ್ಟುವವರು ದಾನ ಕೊಟ್ಟು ಗಿಫ್ಟ್ ಏಡ್ ಅರ್ಜಿ ತುಂಬಿದರೆ ಒಂದು ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಟಿಕೆಟ್ಟಿನ ಹಣಕ್ಕೆ ಇದು ಸಿಗುವುದಿಲ್ಲ. ಅದಕ್ಕೇ ಟಿಕೆಟ್ ಅಗ್ಗ ಮಾಡಿ, ದಾನದ ಡಬ್ಬಿ ಬೇರೆ ಇಡಿ. ಲಾಟರಿ ಚೀಟಿ ಮಾರುವುದಾದರೆ ಆ ಸಂಜೆ, ಆ ಹಾಲ್ ಒಳಗೆ ಮಾತ್ರ ಮಾರಿ. ಆಗ ಪರವಾನಗಿ ಬೇಕಿಲ್ಲ.

ಹರಾಜಿಗೆ ದೊಡ್ಡ ವಸ್ತುಗಳೇ ಬೇಕು ಅಂತೇನಿಲ್ಲ. 2024ರ ಏಪ್ರಿಲ್‌ನಲ್ಲಿ ಇಲ್ಲಿಯ ಸಿನಿಮಾ ಮಂದಿ ‘ಸಿನಿಮಾ ಫಾರ್ ಗಾಜಾ’ ಅಂತ ಹರಾಜು ಮಾಡಿ ಇದೇ ಸಂಸ್ಥೆಗೆ ಎರಡೂವರೆ ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟರು. ಅದರಲ್ಲಿ ನಟಿ ಟಿಲ್ಡಾ ಸ್ವಿಂಟನ್ ಮಲಗುವ ಹೊತ್ತಿನ ಕಥೆ ಓದಿಕೊಡುವುದನ್ನೇ ಹರಾಜಿಗೆ ಇಟ್ಟಿದ್ದರು. ನಿಮ್ಮಲ್ಲೂ ಹತ್ತು ಜನರಿಗೆ ಬಿಸಿಬೇಳೆಬಾತ್ ಮಾಡಿಕೊಡುವವರು, ಒಂದು ಭಾನುವಾರ ರಂಗೋಲಿ ಕಲಿಸುವವರು ಇದ್ದೇ ಇರುತ್ತಾರೆ. ಕೇಳಿ ನೋಡಿ.

ಮುಗಿದ ವಾರದೊಳಗೆ ಎಷ್ಟು ಬಂತು, ಎಷ್ಟು ಕಳಿಸಿದಿರಿ, ರಶೀದಿ ಎಲ್ಲಿ ಅನ್ನುವುದನ್ನು ಬಂದವರಿಗೆಲ್ಲ ತಿಳಿಸಿ. ಬಾರದವರಿಗೂ ತಿಳಿಸಿ.

ಪ್ರಶ್ನೆ: ಬೆಂಗಳೂರಿನಿಂದ ನಾವೂ ಹೀಗೆ ಹಣ ಕೂಡಿಸಿ ಹೊರಗಿನ ಸಂಸ್ಥೆಗೆ ಕಳಿಸಬಹುದೇ? ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, 80ಜಿ, ಸಿಗುತ್ತದೆಯೇ? — ರಾ.ಮ., ಬೆಂಗಳೂರು

ಉತ್ತರ: ನಿಮ್ಮ ಸ್ವಂತ ದುಡ್ಡಾದರೆ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆಯಲ್ಲಿ ಭಾರತದಲ್ಲಿರುವ ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಲ್ಲಿ ದಾನವೂ ಸೇರುತ್ತದೆ. ಬ್ಯಾಂಕಿಗೆ ಹೋಗಿ ದಾನ ಅಂತಲೇ ಕಾರಣ ಬರೆದು ಕಳಿಸಿ. 80ಜಿ ವಿನಾಯಿತಿ ಹೊರದೇಶದ ಸಂಸ್ಥೆಗೆ ಕೊಟ್ಟದ್ದಕ್ಕೆ ಸಿಗುವುದಿಲ್ಲ. ಊರವರಿಂದ ಕೂಡಿಸಿದ ಹಣವನ್ನು ಒಬ್ಬರ ಹೆಸರಿನಲ್ಲಿ ಹಾಕಿ ಕಳಿಸುವ ಕೆಲಸ ಮಾತ್ರ ಬೇಡ. ಭಾರತದ ಟ್ರಸ್ಟ್ ಮೂಲಕ ಕಳಿಸುವುದಕ್ಕೂ ತೆರಿಗೆ ಇಲಾಖೆಯ ಕಟ್ಟುಪಾಡುಗಳಿವೆ, ಒಬ್ಬ ಸಿಎಯನ್ನು ಕೇಳದೆ ಕೈ ಹಾಕಬೇಡಿ. ಕಾರ್ಯಕ್ರಮ ಮಾಡಿ, ಸಂಸ್ಥೆಗಳ ವಿವರ ಗೋಡೆಗೆ ಅಂಟಿಸಿ, ಕೊಡುವವರು ಅವರವರೇ ಕೊಡಲಿ. ಪ್ಯಾಲೆಸ್ಟೀನನ್ನು ನಮ್ಮ ದೇಶ 1988ರಲ್ಲೇ ಮಾನ್ಯ ಮಾಡಿದೆ. ಅಲ್ಲಿಯ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಏಜೆನ್ಸಿಗೆ ನಮ್ಮ ಸರ್ಕಾರವೂ ಹಣ ಕೊಡುತ್ತಾ ಬಂದಿದೆ. ಅಂಜಿಕೆ ಇದ್ದವರಿಗೆ ಇದನ್ನು ಹೇಳಿ.

ಪ್ರಶ್ನೆ: ನಾನು ಚಿತ್ರಕಲೆ ವಿದ್ಯಾರ್ಥಿನಿ. ಇಂಥ ಕಾರ್ಯಕ್ರಮಕ್ಕೆ ಕಲ್ಲಂಗಡಿ ಹಣ್ಣಿನ ಚಿತ್ರ ಬರೆದಿದ್ದೇನೆ. ಎಲ್ಲರೂ ಬರೆಯುತ್ತಿದ್ದಾರೆ, ನಾನೂ ಬರೆದೆ. ಇದರ ಹಿನ್ನೆಲೆ ಏನು? ಚಿತ್ರ ಕಳಿಸುವುದು ಹೇಗೆ? — ಪಿ., ಧಾರವಾಡ

ಉತ್ತರ: ನಮ್ಮೂರ ಹುಡುಗಿ! ಕೆಂಪು, ಹಸಿರು, ಕಪ್ಪು, ಬಿಳಿ. ಕಲ್ಲಂಗಡಿ ಹೋಳಿನಲ್ಲಿರುವುದೂ ಇವೇ, ಪ್ಯಾಲೆಸ್ಟೀನಿನ ಬಾವುಟದಲ್ಲಿರುವುದೂ ಇವೇ. 1967ರ ನಂತರ ಇಸ್ರೇಲಿನ ಹಿಡಿತದ ಪ್ರದೇಶಗಳಲ್ಲಿ ಆ ಬಾವುಟ ಹಿಡಿಯುವಂತಿರಲಿಲ್ಲ. 1980ರಲ್ಲಿ ರಾಮಲ್ಲಾದ ಒಂದು ಗ್ಯಾಲರಿ ಮುಚ್ಚಿಸಿದಾಗ, ಈ ಬಣ್ಣಗಳಲ್ಲಿ ಕಲ್ಲಂಗಡಿ ಬರೆದರೂ ಮುಟ್ಟುಗೋಲು ಅಂತ ಅಧಿಕಾರಿ ಎಚ್ಚರಿಸಿದ್ದನ್ನು ಕಲಾವಿದ ಸ್ಲಿಮಾನ್ ಮನ್ಸೂರ್ ಹೇಳಿಕೊಂಡಿದ್ದಾರೆ. ಇಷ್ಟು ತಿಳಿದ ಮೇಲೆ ನಿನ್ನ ಚಿತ್ರವನ್ನು ಇನ್ನೊಮ್ಮೆ ಬರೆ. ಎಲ್ಲರೂ ಬರೆದ ಹೋಳು ಬೇಡ. ಸೂಪರ್ ಮಾರ್ಕೆಟ್ ಹತ್ತಿರ ಬೇಸಿಗೆಯಲ್ಲಿ ಹಣ್ಣು ರಾಶಿ ಹಾಕಿಕೊಂಡು ಕೂರುತ್ತಾರಲ್ಲ, ಅಲ್ಲಿ ಹೋಗಿ ಕೂತು, ಕತ್ತಿ ಹಾಕಿದಾಗ ಬಿರುಕು ಬಿಡುವುದನ್ನು ನೋಡಿ ಬರೆ. ಮೂಲ ಚಿತ್ರ ಅಂಚೆಯಲ್ಲಿ ಬೇಡ, ಖರ್ಚು ಜಾಸ್ತಿ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಪತ್ರಿಕೆಯ ವಿಳಾಸಕ್ಕೆ ಈಮೇಲ್ ಮಾಡು. ಕೆಳಗೆ ನಿನ್ನ ಹೆಸರಿನ ಜೊತೆ ಧಾರವಾಡ ಅಂತಲೂ ಬರೆ. ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ ಲೀಡ್ಸಿನ ಆ ತಂಗಿಯ ಮೇಜಿಗೆ ನಾನೇ ಒಯ್ದು ಕೊಡುತ್ತೇನೆ.